ಬೀರುವಿನ ಕೀ ಖಜಾಂಚಿ ಹತ್ತಿರ

(ಹೋದ ಭಾನುವಾರ ನಮ್ಮ ಬಡಾವಣೆಯ ಸಂಘದ ಹಾಲ್‌ನಲ್ಲಿ ಮಾತಾಡಿದ್ದನ್ನು ಬರೆದುಕೊಡಿ ಅಂತ ನಾಲ್ಕೈದು ಜನ ಕೇಳಿದರು. ಬರೆದಿದ್ದೇನೆ. ಮೈಕ್ ಕೈಕೊಟ್ಟಾಗ ಹಾರಿಸಿದ್ದ ಎರಡು ಲೆಕ್ಕಗಳನ್ನು ಸೇರಿಸಿದ್ದೇನೆ, ನಡುವೆ ಯಾರದೋ ಸ್ಕೂಟರ್ ತೆಗೆಯಿರಿ ಅಂತ ಕೂಗಿದ್ದನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮನೆಯನ್ನು ಪರಿಸರಕ್ಕೆ ಒಗ್ಗುವ ಹಾಗೆ ಇಟ್ಟುಕೊಳ್ಳುವುದು ಹೇಗೆ ಅಂತ ಮಾತಾಡಿ ಅಂದಿದ್ದಾರೆ. ಮಾತಾಡುತ್ತೇನೆ. ಆದರೆ ಮೊದಲು ನಿಮ್ಮ ಕೈಯಲ್ಲಿರುವ ಕಾಫಿ ಲೋಟ ನೋಡಿ. ಪೇಪರ್ ಕಪ್ಪು. ಪೇಪರ್ ತಾನೇ ಅಂತ ನಾವು ಸಮಾಧಾನ ಮಾಡಿಕೊಳ್ಳುತ್ತೇವೆ, ಆದರೆ ಬರೀ ಪೇಪರಾಗಿದ್ದರೆ ಕಾಫಿ ಇಷ್ಟು ಹೊತ್ತಿಗೆ ನಿಮ್ಮ ಸೀರೆ ಮೇಲೆ ಇರುತ್ತಿತ್ತು. ಒಳಗಡೆ ತೆಳ್ಳಗೆ ಪ್ಲಾಸ್ಟಿಕ್ ಹಚ್ಚಿರುತ್ತಾರೆ. ಹಾಗಾಗಿ ಅದು ಹಸಿಕಸಕ್ಕೂ ಸೇರಲ್ಲ, ರದ್ದಿ ಪೇಪರ್ ಜೊತೆಗೂ ಸೇರಲ್ಲ.

ಬೈಯುವುದಕ್ಕೆ ಹೇಳುತ್ತಿಲ್ಲ. ಸಂಘದವರನ್ನು ಆಗಲೇ ಕೇಳಿದೆ. ಈ ಹಾಲ್‌ನ ಹಿಂದಿನ ರೂಮಿನ ಬೀರುವಿನಲ್ಲಿ ಐವತ್ತು ಸ್ಟೀಲ್ ಲೋಟ ಇವೆಯಂತೆ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಕಾರ್ಯಕ್ರಮ ಆದಮೇಲೆ ಹುಮ್ಮಸ್ಸಿನಲ್ಲಿ ತಂದಿದ್ದು. ಬೀರುವಿನ ಕೀ ಖಜಾಂಚಿಗಳ ಹತ್ತಿರ. ಖಜಾಂಚಿಗಳು ಮಗಳ ಮನೆಗೆ ಹೋಗಿದ್ದಾರೆ.

ನಾನು ಇವತ್ತು ಹೇಳಬೇಕು ಅಂತ ಬಂದಿದ್ದು ಇಷ್ಟೇ. ಲೋಟ ಇದೆ, ಮನಸ್ಸೂ ಇದೆ, ಕೀ ಇಲ್ಲ. ನಮ್ಮ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಒಳ್ಳೆ ಅಭ್ಯಾಸಗಳೂ ಸಾಯುವುದು ಹೀಗೇ. ಭೂಮಿ ಬಿಸಿಯಾಗುತ್ತಿದೆ ಅಂತ ಯಾರಿಗೆ ಗೊತ್ತಿಲ್ಲ ಹೇಳಿ? ಗೊತ್ತಿದ್ದೂ ಕೈ ಹತ್ತಿರ ಇರುವುದನ್ನೇ ತೆಗೆದುಕೊಳ್ಳುತ್ತದೆ.

ಬಟ್ಟೆ ಚೀಲದ ಕಥೆ ಹೇಳುತ್ತೇನೆ. ಒಂದು ದಿನ ಬೇಜಾರಾಗಿ ನಮ್ಮನೆಯ ಚೀಲಗಳನ್ನೆಲ್ಲ ಎಣಿಸಿದೆ. 23 ಇದ್ದವು. ಒಂದನ್ನೂ ದುಡ್ಡು ಕೊಟ್ಟು ತಂದಿಲ್ಲ. ಎಲ್ಲ ಮದುವೆ, ಮುಂಜಿ, ಗೃಹಪ್ರವೇಶದ ತಾಂಬೂಲದ ಚೀಲಗಳು. ಯಾರದೋ ಶುಭವಿವಾಹದ ಹೆಸರು ಹೊತ್ತುಕೊಂಡು ಬೀರುವಿನ ಕೆಳಗಿನ ಖಾನೆಯಲ್ಲಿ ಮಡಚಿ ಕೂತಿವೆ. ಅದೇ ದಿನ ಸಂಜೆ ನಮ್ಮೆಜಮಾನರು ಅರ್ಧ ಕೆ.ಜಿ. ಬೀನ್ಸ್, ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಂದರು, ಎರಡು ಕವರ್‌ನಲ್ಲಿ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ ಆಗಿದ್ದು 2016ರ ಮಾರ್ಚ್‌ನಲ್ಲಿ. ದೇಶದಾದ್ಯಂತ ಒಂದೇ ಸಲ ಬಳಸಿ ಬಿಸಾಡುವ ಕೆಲವು ಪ್ಲಾಸ್ಟಿಕ್ ವಸ್ತುಗಳು ಬಂದ್ ಆಗಿದ್ದು 2022ರ ಜುಲೈ 1ರಿಂದ. ಸೊಪ್ಪಿನ ಅಜ್ಜಿಗೆ ಕವರ್ ಇನ್ನೂ ಎಲ್ಲಿಂದಲೋ ಸಿಗುತ್ತಿದೆ, ನಮ್ಮೆಜಮಾನರೂ ಕೈ ಬೀಸಿಕೊಂಡೇ ಹೋಗುತ್ತಿದ್ದಾರೆ.

ನಾನು ಅವರಿಗೆ ಏನೂ ಹೇಳಲಿಲ್ಲ. ಮೂವತ್ತು ವರ್ಷ ಹೇಳಿ ನೋಡಿದ್ದೇನೆ. ಸ್ಕೂಟರ್ ಕೀ ನೇತುಹಾಕುವ ಮೊಳೆಗೇ ಎರಡು ಚೀಲ ನೇತುಹಾಕಿದೆ, ಕೀಯ ಮೇಲೆ. ಚೀಲ ತೆಗೆಯದೆ ಕೀ ಸಿಗಲ್ಲ. ಮೊದಲ ಎರಡು ದಿನ ಗೊಣಗಿದರು, ಮೂರನೇ ದಿನದಿಂದ ಚೀಲ ಡಿಕ್ಕಿಯಲ್ಲಿ ಹೋಗುತ್ತಿದೆ. ಒಂದು ಮಾತು ಮಾತ್ರ ನೆನಪಿಡಿ, ಮನೆಗೆ ಬಂದ ಚೀಲವನ್ನು ಖಾಲಿ ಮಾಡಿ ಮತ್ತೆ ಅದೇ ಮೊಳೆಗೆ ಹಾಕಬೇಕು. ಅದು ಯಾರ ಕೆಲಸ ಅಂತ ನಮ್ಮಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ.

ಈಗ ಕಸ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ನನಗೆ ಅವಮಾನ ಆಗಿರುವುದೂ ಇದರಲ್ಲೇ.

ಬೆಂಗಳೂರಿನವರಿಗೆ 2012 ನೆನಪಿರಬೇಕು. ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಿತು, ಊರ ತುಂಬ ರಸ್ತೆ ಮೂಲೆಗಳಲ್ಲಿ ಕಸದ ಗುಡ್ಡ. ಆಮೇಲೆ ಮಂಡೂರಿಗೆ ಹೋಯಿತು. ಅಲ್ಲಿಯ ಜನ ಎಷ್ಟು ದಿನ ಅಂತ ನಮ್ಮ ವಾಸನೆ ಕುಡೀತಾರೆ? 2014ರಲ್ಲಿ ಅವರೂ ಬೀದಿಗಿಳಿದರು, ಲಾರಿಗಳು ನಿಂತವು. 2015ರ ಕೊನೆಗೆ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಮಾಡಿ ಅಂತ ಆದೇಶ ಕೊಟ್ಟಿತು. ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಪ್ಯಾಡ್, ಡೈಪರ್, ಬ್ಯಾಂಡೇಜ್ ಥರದ್ದು, ಚೀಲಕ್ಕೆ ಒಣಕಸ. ಇಲ್ಲಿರುವವರೆಲ್ಲ ಬಾಯಿಪಾಠ ಒಪ್ಪಿಸಬಲ್ಲಿರಿ.

ನಮ್ಮನೆಯಲ್ಲೂ ಮೂರೂ ತಂದಿಟ್ಟಿದ್ದೆ. ಹಸಿಕಸದ್ದು ಸಿಂಕ್ ಕೆಳಗೆ. ಒಣಕಸದ ಚೀಲ ಹಿಂದಿನ ಬಾಲ್ಕನಿಯಲ್ಲಿ, ಅಡುಗೆಮನೆ ಚೆಂದ ಕಾಣಲಿ ಅಂತ. ತಿಂಗಳಾನುಗಟ್ಟಲೆ ಹಸಿಕಸದಲ್ಲಿ ಬಿಸ್ಕತ್ ಕವರ್, ಹಾಲಿನ ಪ್ಯಾಕೆಟ್ ಸಿಗುತ್ತಲೇ ಇದ್ದವು. ನಾನು ದಿನಾ ಕೂಗಾಡುತ್ತಿದ್ದೆ. ಒಂದು ದಿನ ನಮ್ಮನೆ ಕೆಲಸಕ್ಕೆ ಬರುವ ಹೆಂಗಸು ಕೇಳಿದಳು: "ಅಕ್ಕಾ, ಒಂದು ಕವರ್‌ಗೋಸ್ಕರ ಎರಡು ಬಾಗಿಲು ತೆಗೆದು ಹೋಗಿ ಬರಬೇಕು ಅಂದ್ರೆ ಯಾರು ಹೋಗ್ತಾರೆ? ನೀವೇ ಹೋಗಲ್ಲ." ನಿಜ, ನಾನೂ ಹೋಗುತ್ತಿರಲಿಲ್ಲ. ಬಿಸ್ಕತ್ ಕವರ್ ಹಾಕುತ್ತಿದ್ದುದು ನಾನೇ. ಅವಳೇ ಚೀಲವನ್ನು ತಂದು ಸಿಂಕ್ ಪಕ್ಕದ ಕೊಕ್ಕೆಗೆ ಹಾಕಿದಳು. ಚೆಂದ ಏನೂ ಕಾಣಲ್ಲ. ಕೂಗಾಟ ನಿಂತಿತು.

ಹಾಲಿನ ಪ್ಯಾಕೆಟ್ ಬಗ್ಗೆ ಒಂದು ಸಣ್ಣ ವಿಷಯ, ಇದನ್ನು ಮಾಡಿ ತೋರಿಸುತ್ತೇನೆ. ಇಗೋ ನಂದಿನಿ ಅರ್ಧ ಲೀಟರ್. ನಾವೆಲ್ಲ ಏನು ಮಾಡುತ್ತೇವೆ? ಕತ್ತರಿಯಲ್ಲಿ ಮೂಲೆಯನ್ನು ಚಕ್ ಅಂತ ಕತ್ತರಿಸಿ ಆ ಚೂರನ್ನು ಸಿಂಕಿಗೆ ಬಿಡುತ್ತೇವೆ. ಪ್ಯಾಕೆಟ್ ಏನೋ ತೊಳೆದರೆ ಗುಜರಿಗೆ ಹೋಗುತ್ತದೆ, ಮತ್ತೆ ಬಳಕೆಗೆ ಬರುವ ಒಳ್ಳೆ ಪ್ಲಾಸ್ಟಿಕ್ ಅದು. ಆದರೆ ಉಗುರಿನಷ್ಟು ಚೂರನ್ನು ಯಾರು ಆರಿಸುತ್ತಾರೆ? ಅದು ಚರಂಡಿಗೋ ಮಣ್ಣಿಗೋ ಸೇರುತ್ತದೆ. ದಿನಕ್ಕೆ ಎರಡು ಪ್ಯಾಕೆಟ್ ತರುವ ಮನೆಯಲ್ಲಿ ವರ್ಷಕ್ಕೆ 730 ಚೂರು. ಮೂಲೆಯನ್ನು ಪೂರ್ತಿ ಕತ್ತರಿಸದೆ ಹೀಗೆ ಒಂದು ಎಳೆ ಉಳಿಸಿ ನೋಡಿ, ಅಂಟಿಕೊಂಡೇ ಇರುತ್ತದೆ. ಪ್ಯಾಕೆಟ್ಟಿಗೆ ಸ್ವಲ್ಪ ನೀರು ಹಾಕಿ ಕುಲುಕಿ ಆ ನೀರನ್ನು ಹಾಲಿಗೇ ಹಾಕಿ. ನಮ್ಮಮ್ಮ ಮಾಡುತ್ತಿದ್ದಿದ್ದು ಅದೇ, ಪರಿಸರಕ್ಕೆ ಅಂತಲ್ಲ, ಹಾಲು ದಂಡ ಆಗಬಾರದು ಅಂತ. ಆಮೇಲೆ ಪ್ಯಾಕೆಟ್ಟನ್ನು ಟೈಲ್ಸಿಗೆ ಅಂಟಿಸಿದರೆ ಸಂಜೆಯೊಳಗೆ ಒಣಗುತ್ತದೆ.

ಕೆಂಪು ಬುಟ್ಟಿ ಬಗ್ಗೆ ಒಂದೇ ಮಾತು. ಪ್ಯಾಡು, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ. ಬರಿಗೈಯಲ್ಲಿ ಬಿಚ್ಚಿ ನೋಡುವ ಪರಿಸ್ಥಿತಿ ಇನ್ನೊಬ್ಬರಿಗೆ ಬರಬಾರದು ಅಷ್ಟೇ. ಆ ಪೆನ್ನಿಗೂ ಒಂದು ದಾರ ಕಟ್ಟಿ ಬಾತ್‌ರೂಮಿನ ಬಾಗಿಲ ಹಿಂದೆ ನೇತುಹಾಕಿ. ಇಲ್ಲದಿದ್ದರೆ ಪೆನ್ನು ಹುಡುಕುವವರು ಯಾರು?

ಇನ್ನು ಗೊಬ್ಬರ. ನಮ್ಮ ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿಕಸ. ಅದು ಗುಂಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಬರುತ್ತದೆ, ಮನೆಯಲ್ಲಿ ಗಾಳಿಯಾಡುವ ಹಾಗೆ ಕೊಳೆಸಿದರೆ ಗೊಬ್ಬರ. ಇದನ್ನು ಓದಿ ನಾನು ಪೇಂಟಿನ ಖಾಲಿ ಬಕೆಟ್ ಒಂದನ್ನು ತೆಗೆದುಕೊಂಡು, ತಳಕ್ಕೆ ನಾಲ್ಕು ತೂತು ಹೊಡೆದು, ಬಾಲ್ಕನಿಯಲ್ಲಿಟ್ಟು ದಿನಾ ಸಿಪ್ಪೆ ಸುರಿಯತೊಡಗಿದೆ. ಏಪ್ರಿಲ್ ತಿಂಗಳು. ಕಲ್ಲಂಗಡಿ ಕಾಲ. ಮೇಲೆ ಮುಚ್ಚಳ ಬಿಗಿಯಾಗಿ ಮುಚ್ಚಿದೆ, ವಾಸನೆ ಬರದಿರಲಿ ಅಂತ. ಹತ್ತನೇ ದಿನ ಕೆಳಗಿನ ಮನೆಯವರು ಫೋನ್ ಮಾಡಿದರು. ಅವರ ಬಿಳಿ ಬೆಡ್‌ಶೀಟ್ ಮೇಲೆ ಕಂದು ನೀರು ತೊಟ್ಟಿಕ್ಕಿತ್ತು. ಮುಚ್ಚಳ ತೆಗೆದೆ. ಕೊಳೆತ ಮೊಟ್ಟೆ ವಾಸನೆ, ಒಳಗೆ ಹುಳ ಮಿಜಿಮಿಜಿ. ಮಗ ಮೂಗು ಮುಚ್ಚಿಕೊಂಡು "ಅಮ್ಮಾ, ಇದು ಪರಿಸರವಾ?" ಅಂದ.

ನಮ್ಮತ್ತೆ ಬಂದು ಬಗ್ಗಿ ನೋಡಿದರು. ಅವರು ತೀರ್ಥಹಳ್ಳಿ ಕಡೆಯವರು. "ಬರೀ ಮುಸುರೆ ಸುರಿದರೆ ನಾರದೆ ಇನ್ನೇನಾಗುತ್ತೆ? ನಮ್ಮ ಗೊಬ್ಬರದ ಗುಂಡಿಗೆ ದರಗು ಬೀಳ್ತಿತ್ತು, ಕೊಟ್ಟಿಗೆಗೆ ಹಾಸಿದ ಸೊಪ್ಪು ಬೀಳ್ತಿತ್ತು, ಬೂದಿ ಬೀಳ್ತಿತ್ತು" ಅಂದರು. ದರಗು ಅಂದರೆ ಒಣಗಿದೆಲೆ. ನಾನು ಮೂರು ವಿಡಿಯೋ ನೋಡಿದ್ದೆ, ಅವರು ಒಂದೂ ನೋಡಿರಲಿಲ್ಲ.

ವಿಷಯ ಇಷ್ಟೇ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕ, ನೀರು ಎರಡೂ ಜಾಸ್ತಿ. ಒಣಗಿದೆಲೆಯಲ್ಲಿ ಇಂಗಾಲ ಜಾಸ್ತಿ. ಒಣಗಿದೆಲೆ ನೀರನ್ನೂ ಹೀರುತ್ತದೆ, ಮಧ್ಯೆ ಸಂದು ಬಿಟ್ಟು ಗಾಳಿಯಾಡಿಸುತ್ತದೆ. ಗಾಳಿ ಇದ್ದರೆ ನಾರುವ ಜೀವಿಗಳು ಹುಟ್ಟಲ್ಲ. ಈಗ ನಾನು ಮಾಡುವುದು ಹೀಗೆ: ತಳದಲ್ಲಿ ನಾಲ್ಕು ಬೆರಳಷ್ಟು ಒಣಗಿದೆಲೆ, ಮೇಲೆ ಅವತ್ತಿನ ಸಿಪ್ಪೆ, ಅದರ ಮೇಲೆ ಸಿಪ್ಪೆ ಕಾಣದ ಹಾಗೆ ಮತ್ತೆ ಒಣಗಿದೆಲೆ. ಶುರುವಿನಲ್ಲಿ ಒಂದು ಲೋಟ ಹುಳಿ ಮಜ್ಜಿಗೆ. ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಲ್ಲಿ ಕಲಕುವುದು. ಬಕೆಟ್ ಸುತ್ತ ತೂತು, ಕೆಳಗೊಂದು ತಟ್ಟೆ. ಸರಿಯಾಗಿದ್ದರೆ ಒಳಗೆ ಕೈಯಿಟ್ಟಾಗ ಬೆಚ್ಚಗಿರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಎರಡು ತಿಂಗಳಿಗೆ ಗೊಬ್ಬರ. ಮಾವಿನ ಓಟೆ ಮಾತ್ರ ಎಷ್ಟು ತಿಂಗಳಾದರೂ ಹಾಗೇ ಬಿದ್ದಿರುತ್ತದೆ, ಅದನ್ನು ಹಾಕಬೇಡಿ.

ಹುಳದ ಬಗ್ಗೆ ಭಯ ಬೇಡ. ದಪ್ಪಗೆ, ಕಂದುಬಣ್ಣಕ್ಕೆ ತಿರುಗುತ್ತಾ ಕಾಣುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ. ಕಚ್ಚಲ್ಲ, ಕಸವನ್ನು ನಮಗಿಂತ ಬೇಗ ಮುಗಿಸುತ್ತದೆ. ನೋಡುವುದಕ್ಕೆ ಆಗಲ್ಲ ಅಂದರೆ ಒಣಗಿದೆಲೆ ಜಾಸ್ತಿ ಹಾಕಿ, ಕಡಿಮೆಯಾಗುತ್ತದೆ. ಕಣ್ಣಾರೆ ನೋಡಿ ಕಲಿಯಬೇಕು ಅನ್ನುವವರು ಎಚ್.ಎಸ್.ಆರ್. ಬಡಾವಣೆಯ ಸ್ವಚ್ಛಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ ಬನ್ನಿ. ಬಗೆಬಗೆಯ ಗೊಬ್ಬರದ ಡಬ್ಬಗಳನ್ನು ಒಂದೇ ಕಡೆ ಇಟ್ಟಿದ್ದಾರೆ, ದುಡ್ಡು ಕೊಟ್ಟು ತರುವ ಮೊದಲು ನೋಡಬಹುದು.

ಇಲ್ಲೂ ಕೈ ಹೋಗುವ ಜಾಗವೇ ಮುಖ್ಯ. ಒಣಗಿದೆಲೆಯ ಚೀಲ ಟೆರೇಸಿನಲ್ಲಿದ್ದು ಬಕೆಟ್ ಬಾಲ್ಕನಿಯಲ್ಲಿದ್ದರೆ ಮೂರನೇ ದಿನಕ್ಕೆ ಎಲೆ ಹಾಕುವುದು ತಪ್ಪುತ್ತದೆ. ಎರಡೂ ಅಂಟಿಕೊಂಡಿರಬೇಕು, ಉಪ್ಪಿನ ಡಬ್ಬ ಹುಣಸೆಹಣ್ಣಿನ ಡಬ್ಬ ಇದ್ದ ಹಾಗೆ.

ನೀರಿಗೆ ಬರೋಣ. ನಮ್ಮ ನಲ್ಲಿಗೆ ಬರುವ ಕಾವೇರಿ ಎಲ್ಲಿಂದ ಬರುತ್ತಾಳೆ ಗೊತ್ತಲ್ವಾ? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್ ದೂರ. ದೂರ ಹಾಗಿರಲಿ, ಅಲ್ಲಿಂದ ಬೆಂಗಳೂರಿಗೆ ಸುಮಾರು 500 ಮೀಟರ್ ಏರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಮೆಟ್ಟಿಲಲ್ಲಿ ಪಂಪ್ ಮಾಡಿ ಹತ್ತಿಸುತ್ತಾರೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತುವುದಕ್ಕೆ ಶಾಲೆಯಲ್ಲಿ ಕಲಿತ ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಕರೆಂಟು ಬೇಕು. ಪಂಪಿನ ನಷ್ಟ, ಪೈಪಿನ ಉಜ್ಜಾಟ ಸೇರಿದರೆ ಇನ್ನೂ ಜಾಸ್ತಿ. ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ನಗರಗಳಿಗೆ ಹಾಕಿಕೊಂಡಿರುವ ಅಳತೆ. ನಾಲ್ಕು ಜನರ ಮನೆಗೆ ತಿಂಗಳಿಗೆ 16 ಸಾವಿರ ಲೀಟರ್. ಅಂದರೆ ಕನಿಷ್ಠ 22 ಯೂನಿಟ್ ಕರೆಂಟು ನಮ್ಮ ಮೀಟರಿನಲ್ಲಿ ಕಾಣದೆ ಬರೀ ನೀರು ಏರಿ ಬರುವುದಕ್ಕೇ ಹೋಗಿರುತ್ತದೆ. ನಲ್ಲಿ ಸುಮ್ನೆ ಬಿಟ್ಟರೆ ಹೋಗುವುದು ನೀರೊಂದೇ ಅಲ್ಲ ಅಂತ ಇದಕ್ಕೇ ಹೇಳುವುದು.

ಬಂದ ದಾರಿ ಅದು. ಹೋಗುವ ದಾರಿ ಕೇಳಿ. ನಮ್ಮ ಈ ಭಾಗದ ಸಿಂಕ್ ನೀರು ವೃಷಭಾವತಿಗೆ ಸೇರುತ್ತದೆ. ಮೈಸೂರು ರಸ್ತೆಯಲ್ಲಿ ಹೋಗುವಾಗ ಬಸ್ಸಿನ ಕಿಟಕಿ ಮುಚ್ಚುತ್ತೀರಲ್ಲ, ಅದೇ. ಅಲ್ಲಿಂದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಮತ್ತೆ ಕಾವೇರಿ. ಅಷ್ಟು ಕಷ್ಟಪಟ್ಟು ಹತ್ತಿಸಿ ತಂದ ನೀರಿಗೆ ಸೋಪು, ಜಿಡ್ಡು, ಬಾತ್‌ರೂಮ್ ತೊಳೆಯುವ ಆಸಿಡ್ ಎಲ್ಲ ಕಲಸಿ ಅದೇ ನದಿಗೆ ವಾಪಸ್ ಕಳಿಸುತ್ತೇವೆ. ಊರಿನ ಆಚೆ ಬದಿಯಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರುತ್ತಿದ್ದುದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ. ಆ ನೊರೆ ಬರುವುದು ನಾವು ಬಟ್ಟೆ ಒಗೆದ, ಪಾತ್ರೆ ತೊಳೆದ ಕೊಳಕು ನೀರಿನಿಂದಲೇ.

ಹಾಗಂತ ಸೋಪೇ ಬೇಡ ಅಂತಲ್ಲ. ಕಮ್ಮಿ ಹಾಕಿ. ಮುಕ್ಕಾಲು ಪಾಲು ಮನೆಗಳಲ್ಲಿ ಪುಡಿ ಹಾಕುವುದು ಕೈಯಂದಾಜಿನಲ್ಲಿ, ಅಂದಾಜು ಯಾವತ್ತೂ ಮೇಲಕ್ಕೇ ಹೋಗುತ್ತದೆ. ಡಬ್ಬದೊಳಗೆ ಒಂದು ಚಿಕ್ಕ ಚಮಚ ಹಾಕಿಡಿ, ಕೈಗೆ ದೊಡ್ಡದು ಸಿಗದ ಹಾಗೆ. ಅಂಟುವಾಳಕಾಯಿ ಬಳಸಬೇಕು ಅನ್ನುವವರಿಗೆ: ಹತ್ತು ಹನ್ನೆರಡು ಕಾಯಿಯನ್ನು ಬೀಜ ತೆಗೆದು ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿ, ಕಿವುಚಿ ಸೋಸಿ. ರೇಷ್ಮೆ ಸೀರೆಗೆ, ಬಣ್ಣದ ಬಟ್ಟೆಗೆ ಬಹಳ ಚೆನ್ನ. ಮಕ್ಕಳ ಶಾಲೆ ಸಾಕ್ಸಿಗೆ ಉಪಯೋಗವಿಲ್ಲ, ಸುಳ್ಳು ಹೇಳಲಾರೆ. ನಾಲ್ಕೈದು ದಿನದಲ್ಲಿ ಹುಳಿ ಬರುತ್ತದೆ, ಫ್ರಿಜ್ಜಿನಲ್ಲಿಡಿ. ಇಟ್ಟರೆ ಬಾಟಲಿ ಮೇಲೆ ಹೆಸರು ಬರೆಯಿರಿ, ನಮ್ಮನೆಯಲ್ಲಿ ಒಬ್ಬರು ಅದನ್ನು ಹುಣಸೆ ಪಾನಕ ಅಂದುಕೊಂಡಿದ್ದರು. ಎಣ್ಣೆ ಪಾತ್ರೆಗೆ ಸೀಗೆಪುಡಿ ಈಗಲೂ ಎಲ್ಲವನ್ನೂ ಮೀರಿಸುತ್ತದೆ.

ನೀರು ಉಳಿಸುವ ಮೂರು ಜಾಗ ತೋರಿಸುತ್ತೇನೆ. ಮೊದಲನೆಯದು ಆರ್‌ಒ ಮಷೀನು. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಬಿಡುವ ಮಷೀನುಗಳು ಎಷ್ಟೋ ಮನೆಯಲ್ಲಿವೆ. ಬರುವುದು ಕಾವೇರಿ ನೀರೇ ಆದರೆ ನಿಮಗೆ ಆರ್‌ಒ ಯಾಕೆ ಬೇಕು? ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಅಳತೆ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಆರ್‌ಒ ಬೇಕಿಲ್ಲ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಪೆನ್ನಿನ ಥರದ ಮೀಟರ್ ಸಿಗುತ್ತದೆ, ಅದ್ದಿ ನೋಡಿ. ಕಾವೇರಿ ನೀರಾದರೆ ಕುದಿಸಿ ಆರಿಸಿದರೆ ಸಾಕು, ಇಲ್ಲಾ ಯುವಿ ಫಿಲ್ಟರ್. ಬೋರ್‌ವೆಲ್ ನೀರಾಗಿ ಆರ್‌ಒ ಬೇಕೇಬೇಕು ಅಂದರೆ, ಹೊರಹೋಗುವ ಸಣ್ಣ ಪೈಪನ್ನು ಸಿಂಕಿನಿಂದ ತೆಗೆದು ಒಂದು ಬಕೆಟ್ಟಿಗೆ ಬಿಡಿ. ನೆಲ ಒರೆಸುವುದಕ್ಕೆ, ಟಾಯ್ಲೆಟ್ಟಿಗೆ ಆಗುತ್ತದೆ. ಗಿಡಕ್ಕೆ ದಿನಾ ಅದನ್ನೇ ಹಾಕಬೇಡಿ, ಉಪ್ಪು ಜಾಸ್ತಿ ಇರುತ್ತದೆ. ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕಿ. ಹಿಂದೆ ಅದು ಕಲಗಚ್ಚಾಗಿ ಹಸುವಿಗೆ ಹೋಗುತ್ತಿತ್ತು, ಈಗ ಹಸು ಎಲ್ಲಿ?

ಎರಡನೆಯದು ಸೋಲಾರ್ ಬಿಸಿನೀರು. ಇಲ್ಲಿ ಮೂರಂತಸ್ತಿನ ಮನೆಯವರು ಎಷ್ಟು ಜನ? ಟ್ಯಾಂಕು ಟೆರೇಸಿನಲ್ಲಿ, ಸ್ನಾನ ಕೆಳಗಿನ ಮನೆಯಲ್ಲಿ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಪೈಪಿನಲ್ಲಿ ರಾತ್ರಿಯಿಡೀ ನಿಂತ ತಣ್ಣೀರು ಅರ್ಧ ಬಕೆಟ್ಟೋ ಒಂದು ಬಕೆಟ್ಟೋ ಬಂದಮೇಲೇ ಬಿಸಿ. ಆ ತಣ್ಣೀರನ್ನು ಏನು ಮಾಡುತ್ತೀರಿ? ನೋಡಿ, ಎಲ್ಲ ನಗುತ್ತಿದ್ದೀರಿ. ಬಾತ್‌ರೂಮಿನಲ್ಲಿ ಎರಡನೇ ಬಕೆಟ್ ಇಡಿ, ಅಷ್ಟೇ ಸಾಕು. ಒಂದೇ ಬಕೆಟ್ ಇದ್ದ ಮನೆಯಲ್ಲಿ ಆ ನೀರು ಚರಂಡಿಗೇ ಹೋಗುತ್ತದೆ, ಎಷ್ಟೇ ಭಾಷಣ ಕೇಳಿದರೂ.

ಮೂರನೆಯದು ಟೆರೇಸಿನ ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 30-40 ಸೈಟಿನಲ್ಲಿ ಸಾವಿರ ಚದರಡಿ ಟೆರೇಸ್ ಅಂತಿಟ್ಟುಕೊಳ್ಳಿ, 90 ಸಾವಿರ ಲೀಟರ್ ಬೀಳುತ್ತದೆ. ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ಅಂತ ಕಳೆದರೂ 70 ಸಾವಿರ ಕೈಗೆ ಸಿಗುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹನ್ನೆರಡು ಲೋಡು. 2024ರ ಮಾರ್ಚ್‌ನಲ್ಲಿ ಒಂದೊಂದು ಟ್ಯಾಂಕರಿಗೆ ನಾವು ಹೇಗೆ ಕಾದೆವು, ಎಷ್ಟು ಕೊಟ್ಟೆವು ಅನ್ನೋದು ಇನ್ನೂ ಮರೆತಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದೂ ಆಗಲೇ. ಮಳೆಕೊಯ್ಲು ಕಡ್ಡಾಯ ಅಂತ ಕಾನೂನು ಬಂದಿದ್ದು 2009ರಲ್ಲಿ. ಪೈಪೇನೋ ಹಾಕಿಸಿದ್ದೇವೆ. ಫಿಲ್ಟರ್ ಡಬ್ಬವನ್ನು ಕೊನೆಯ ಸಲ ಯಾವಾಗ ತೊಳೆದಿರಿ? ನಮ್ಮದನ್ನು ಹೋದ ವರ್ಷ ತೆಗೆದಾಗ ಒಳಗೆ ಅಶ್ವತ್ಥದ ಸಸಿಯೊಂದು ಬೆಳೆದಿತ್ತು. ಫಿಲ್ಟರನ್ನು ಏಣಿ ಹತ್ತಿ ತೊಳೆಯುವ ಕಡೆ ಕೂರಿಸಿದ್ದರು. ಎದೆಮಟ್ಟಕ್ಕೆ ಇಳಿಸಿದೆವು. ಈಗ ಯುಗಾದಿ ಆದಮೇಲೆ ಒಂದು ಸಲ, ದಸರಾ ಹೊತ್ತಿಗೆ ಒಂದು ಸಲ ತೊಳೆಯುತ್ತೇವೆ.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ, ಇದರಲ್ಲಿ ನಾವು ತಪ್ಪು ಕಡೆ ಜಗಳ ಆಡುತ್ತಿದ್ದೇವೆ. ಮಕ್ಕಳು ಲೈಟ್ ಆರಿಸದೆ ಹೋದರೆ ಕೂಗುತ್ತೇವೆ. ಅದು 9 ವಾಟಿನ ಎಲ್‌ಇಡಿ. ಗೀಸರ್ 2000 ವಾಟು. ಗೀಸರಿನ ಕಾಯಿಲ್ ಒಂದು ಗಂಟೆ ಉರಿಯುವ ಕರೆಂಟಿನಲ್ಲಿ ಆ ಲೈಟು 220 ಗಂಟೆ ಉರಿಯುತ್ತದೆ. ಅಂದರೆ ಒಂಬತ್ತು ಹಗಲು ರಾತ್ರಿ. ಬೆಳಿಗ್ಗೆ ಐದಕ್ಕೆ ಹಾಕಿದ ಗೀಸರ್ ಕೊನೆಯವರ ಸ್ನಾನ ಆಗುವ ತನಕ, ಎಂಟೂವರೆವರೆಗೆ, ಆಫ್ ಆಗಿ ಆನ್ ಆಗಿ ನಡೆಯುತ್ತಲೇ ಇರುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದರೆ ಸ್ವಲ್ಪ ಕರೆಂಟು ಉಳಿಯುತ್ತದೆ. ಸ್ವಿಚ್ ಬಾತ್‌ರೂಮಿನ ಹೊರಗೆ, ಕಣ್ಣಿಗೆ ಬೀಳುವ ಕಡೆ, ಕೆಂಪು ದೀಪ ಇರುವಂಥದ್ದು ಹಾಕಿಸಿ.

ಫ್ಯಾನೂ ಅಷ್ಟೇ. ಹಳೇ ಫ್ಯಾನು 75 ವಾಟು, ಈಗ ಬರುವ ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನು 30 ವಾಟಿನ ಆಸುಪಾಸು. ಆದರೆ ಚೆನ್ನಾಗಿ ತಿರುಗುತ್ತಿರುವುದನ್ನು ಕಿತ್ತು ಹಾಕಬೇಡಿ. ಕೆಟ್ಟಾಗ, ಜಾಸ್ತಿ ಹೊತ್ತು ತಿರುಗುವ ರೂಮಿನಿಂದ ಶುರು ಮಾಡಿ.

ಗೃಹಜ್ಯೋತಿ ಬಂದಮೇಲೆ ಇದೆಲ್ಲ ಯಾಕೆ ಅಂತ ಒಬ್ಬರು ಕೇಳಿದರು. ಪ್ರಾಮಾಣಿಕ ಪ್ರಶ್ನೆ. 2023ರಿಂದ ಎಷ್ಟೋ ಮನೆಗೆ ಸೊನ್ನೆ ಬಿಲ್ಲು. ಬಿಲ್ಲು ಸೊನ್ನೆ ಅಂದಮೇಲೆ ಮೀಟರ್ ನೋಡುವ ಚಟವೇ ಹೋಗಿದೆ, ನನಗೂ ಹೋಗಿತ್ತು. ಆದರೆ ಉಚಿತ ಸಿಗುವುದು 2022-23ರ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ, ಅದೂ 200 ಯೂನಿಟ್ ಒಳಗೆ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ. ಸೋಲಾರ್ ಪ್ಯಾನೆಲ್ ಹಾಕಿಸಬೇಕಾ ಅಂತಲೂ ಕೇಳಿದರು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78 ಸಾವಿರ ಸಬ್ಸಿಡಿ ಇದೆ. ಬಿಲ್ಲು ಸೊನ್ನೆ ಬರುವವರಿಗೆ ದುಡ್ಡಿನ ಲೆಕ್ಕದಲ್ಲಿ ಲಾಭ ಕಾಣಲ್ಲ. ಮೂರು ನಾಲ್ಕು ಸಾವಿರ ಬಿಲ್ಲು ಕಟ್ಟುವವರು ಸುಮ್ನೆ ಕೂತಿರುವುದು ನನಗೆ ಅರ್ಥ ಆಗಲ್ಲ.

ಕೊಳ್ಳುವುದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಪರಿಸರ ಅಂದ ತಕ್ಷಣ ಅಂಗಡಿ ತೆರೆದುಕೊಳ್ಳುತ್ತದೆ. ಬಿದಿರಿನ ಬ್ರಷ್ಷು, ಬಿದಿರಿನ ಚಮಚ, ಸ್ಟೀಲ್ ಸ್ಟ್ರಾ. ನಮ್ಮಲ್ಲಿ ಎಳನೀರು ಎತ್ತಿ ಕುಡಿಯುವವರಿಗೆ ಸ್ಟ್ರಾ ಯಾಕೆ ಬೇಕಿತ್ತು? ಪ್ಲಾಸ್ಟಿಕ್ ಬಿಡುತ್ತೇವೆ ಅಂತ ಒಳ್ಳೇ ಡಬ್ಬಗಳನ್ನೆಲ್ಲ ಎಸೆದು ಗಾಜಿನದ್ದು ತರಿಸಿದವರನ್ನು ಬಲ್ಲೆ. ಇರುವ ಡಬ್ಬ ಇರಲಿ. ಬಿಸಿ ಸಾರು ಹಾಕಬೇಡಿ, ಬೇಳೆ ಕಾಳು ಹಾಕಿ. ನಮ್ಮತ್ತೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ ಈಗಲೂ ಇದೆ. ಹೋಟೆಲಿನಿಂದ ಸಾಂಬಾರ್ ತರುವುದಕ್ಕೆ ಕ್ಯಾರಿಯರ್ ಹಿಡಿದುಕೊಂಡು ಹೋಗಿ. ಬಿಸಿ ಇಡ್ಲಿ ಬೇಯಿಸುವುದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬಾರದು ಅಂತ ಸರ್ಕಾರವೇ 2025ರಲ್ಲಿ ಹೇಳಬೇಕಾಗಿ ಬಂತು, ಬಟ್ಟೆ ಹಾಸಿ ಬೇಯಿಸುತ್ತಿದ್ದ ಊರಿನಲ್ಲಿ.

ಹಳೇ ಸೀರೆಗೆ ಉತ್ತರ ಕರ್ನಾಟಕದವರು ಬಲು ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ, ಕೌದಿ ಅಂತ. ಪದರ ಪದರ ಹಳೇ ಬಟ್ಟೆ ಇಟ್ಟು ಕೈಹೊಲಿಗೆ ಹಾಕಿದ ಹೊದಿಕೆ. ಧಾರವಾಡದ ಗೆಳತಿಯೊಬ್ಬಳು ಕೊಟ್ಟಿದ್ದು ನಮ್ಮನೆಯಲ್ಲಿ ಹದಿನೆಂಟು ವರ್ಷದಿಂದ ಇದೆ. ಅದರಲ್ಲಿ ಅವಳಜ್ಜಿಯ ಇಳಕಲ್ ಸೀರೆಯ ತುಂಡೊಂದಿದೆ. ಚಳಿಗಾಲದಲ್ಲಿ ನಮ್ಮ ಮಗ ಅದನ್ನು ಯಾರಿಗೂ ಬಿಟ್ಟುಕೊಡಲ್ಲ.

ಅಡುಗೆ ಗ್ಯಾಸಿನ ಬಗ್ಗೆ ನಿಮಗೆ ನಾನೇನು ಹೇಳಿಕೊಡುವುದು. ಬೇಳೆ ನೆನೆಸಿ, ಕುಕ್ಕರ್ ಇಡಿ, ಕುದಿ ಬಂದಮೇಲೆ ಸಿಮ್ ಮಾಡಿ. ಗಂಡಸರು ಬರೆದುಕೊಳ್ಳಿ.

ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಆಂಟಿ, ಎಲ್ಲ ಸರಿ, ಫ್ಲ್ಯಾಟಿನಲ್ಲಿರುವ ನಮಗೆ ಒಣಗಿದೆಲೆ ಎಲ್ಲಿ ಸಿಗುತ್ತೆ?" ಆವತ್ತು ಕೇಳಿದ್ದರಲ್ಲಿ ಅತ್ಯಂತ ಉಪಯೋಗದ ಪ್ರಶ್ನೆ. ನಮ್ಮ ನಾಲ್ಕನೇ ಅಡ್ಡರಸ್ತೆಯ ಪಾರ್ಕಿನ ಹೊಂಗೆ ಮರಗಳು ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸುವವರು ಗುಡ್ಡೆ ಹಾಕಿರುತ್ತಾರೆ, ತಡವಾಗಿ ಹೋದರೆ ಲಾರಿಗೆ ಹೋಗಿರುತ್ತದೆ, ಇಲ್ಲಾ ಯಾರೋ ಬೆಂಕಿ ಕೊಟ್ಟಿರುತ್ತಾರೆ. ಕೇಳಿದರೆ ಖುಷಿಯಿಂದ ಕೊಡುತ್ತಾರೆ, ಅವರಿಗೂ ಹೊರೆ ಕಡಿಮೆ. ಎರಡು ಮೂಟೆ ತುಂಬಿಟ್ಟುಕೊಂಡರೆ ನನಗೆ ನಾಲ್ಕೈದು ತಿಂಗಳು ಬರುತ್ತದೆ. ಆರೂವರೆಗೆ ಬನ್ನಿ, ನಾನೂ ಅಲ್ಲೇ ಇರುತ್ತೇನೆ. ಮೂಟೆ ನಿಮ್ಮದೇ ತನ್ನಿ.

ಆಮೇಲೆ ಹಾಲ್‌ನಿಂದ ಹೊರಗೆ ಬರುವಾಗ ಕಾರ್ಯದರ್ಶಿಗಳು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬೀರುವಿನ ಬೀಗ ಬಿಚ್ಚುತ್ತಿದ್ದರು.